ತಾಯಿ ಕಾರ್ಡ್ ನೆನೆದುಹೋದರೆ ಲಸಿಕೆಯ ಲೆಕ್ಕ ಎಲ್ಲಿ ಸಿಗುತ್ತದೆ?

ಪ್ರಶ್ನೆ: ಮಳೆನೀರು ಮನೆಗೆ ನುಗ್ಗಿ, ಮಗಳ ತಾಯಿ ಕಾರ್ಡಿನ ಶಾಯಿಯೆಲ್ಲ ಹರಡಿ ದಿನಾಂಕಗಳು ಅಳಿಸಿಹೋಗಿವೆ. ಈಗ ಪಕ್ಕದ ಊರಿನಲ್ಲಿ ದಡಾರ ಕಾಣಿಸಿಕೊಂಡಿದೆ. 'ಲಸಿಕೆಗಳ ಆನ್‌ಲೈನ್ ದಾಖಲೆಯಾದ ಯು-ವಿನ್‌ನಲ್ಲಿ ನೋಡೋಣ' ಎಂದು ಆಶಾ ಕಾರ್ಯಕರ್ತೆ ಹೇಳುತ್ತಾರೆ. ಅದನ್ನು ನಂಬಬಹುದೇ?
– ಓದುಗರು, ಬಾಗೇಪಲ್ಲಿ ತಾಲ್ಲೂಕು

ಉತ್ತರ: ಲಸಿಕೆ ಹಾಕಿದ ದಿನವೇ ದಾಖಲಿಸಿದ್ದರೆ ಖಂಡಿತ ನಂಬಬಹುದು. 2021ರ ಜನವರಿ 16ರಂದು ಕೋವಿಡ್ ಲಸಿಕೆ ಆರಂಭವಾದಾಗ ಬಳಕೆಗೆ ಬಂದ ಕೋ-ವಿನ್ ಮಾದರಿಯಲ್ಲೇ, ಗರ್ಭಿಣಿಯರು ಮತ್ತು ಮಕ್ಕಳ ಲಸಿಕೆಗಾಗಿ ಯು-ವಿನ್ ರೂಪುಗೊಂಡಿದೆ. ರೋಗ ಹರಡುವ ಹೊತ್ತಿನಲ್ಲಿ ಇದರ ಬೆಲೆ ತಿಳಿಯುತ್ತದೆ: ದಾಖಲೆ ಸರಿಯಿದ್ದಲ್ಲಿ, ದಡಾರ-ರುಬೆಲ್ಲಾ ಲಸಿಕೆ ತಪ್ಪಿದ ಮಕ್ಕಳು ಯಾವ ಊರಿನಲ್ಲಿದ್ದಾರೆ ಎಂಬುದನ್ನು ಮನೆಮನೆ ಸಮೀಕ್ಷೆ ಮುಗಿಯುವವರೆಗೆ ಕಾಯದೆ ಗುರುತಿಸಿ, ಸಿಬ್ಬಂದಿ ನೇರವಾಗಿ ಅಲ್ಲಿಗೇ ಹೋಗಬಹುದು.

ತೊಡಕು ಬರುವುದು ಮೊಬೈಲ್ ಸಂಖ್ಯೆಯಲ್ಲಿ. ಚೊಚ್ಚಲ ಹೆರಿಗೆ ತವರಿನಲ್ಲಾಗಿ, ಅಲ್ಲಿ ಅಜ್ಜನ ಸಂಖ್ಯೆ ಕೊಟ್ಟಿದ್ದರೆ ನಿಮ್ಮ ಸಂಖ್ಯೆಯಲ್ಲಿ ಹುಡುಕಿದಾಗ ಮಗು ಸಿಗದೇ ಹೋಗಬಹುದು. ಆಗ ಹೊಸದಾಗಿ ನೋಂದಾಯಿಸಿದರೆ ಒಂದೇ ಮಗುವಿಗೆ ಎರಡು ದಾಖಲೆಗಳಾಗುತ್ತವೆ. ಆದ್ದರಿಂದ ಮನೆಯ ಎಲ್ಲ ಸಂಖ್ಯೆಗಳನ್ನೂ ದಯವಿಟ್ಟು ಹೇಳಿ.

ದಾಖಲೆ ಎಲ್ಲಿಯೂ ಸಿಗದಿದ್ದರೆ ಹಿಂಜರಿಯಬೇಡಿ. 9 ತಿಂಗಳು ತುಂಬಿದಾಗ ಮೊದಲನೆಯದು, 16ರಿಂದ 24 ತಿಂಗಳೊಳಗೆ ಎರಡನೆಯದು ಎಂಬುದು ದಡಾರ-ರುಬೆಲ್ಲಾ ಲಸಿಕೆಯ ಕ್ರಮ. ಹಾಕಿಸಿದ್ದು ಖಾತ್ರಿಯಾಗದಿದ್ದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರ ಸಲಹೆಯಂತೆ ಮತ್ತೆ ಹಾಕಿಸಬಹುದು. ಒಂದು ಡೋಸ್ ಹೆಚ್ಚಾದರೂ ಮಗುವಿಗೆ ಅದರಿಂದ ಅಪಾಯವಿಲ್ಲ.