ಡಿ ಡ್ರೈವ್‌ಗೆ ಹಾಕಿಟ್ಟರೆ ಸಾಕೇ?

ಪ್ರಶ್ನೆ: ವಿಂಡೋಸ್ 10 ತೆಗೆದು ಲಿನಕ್ಸ್ ಮಿಂಟ್ ಎಂಬ ಇನ್ನೊಂದು ಆಪರೇಟಿಂಗ್ ಸಿಸ್ಟಂ ಹಾಕಿಕೊಳ್ಳಬೇಕು ಅಂತಿದ್ದೇನೆ. 1 ಟಿಬಿ ಹಾರ್ಡ್ ಡಿಸ್ಕ್‌ನಲ್ಲಿ ಸಿ, ಡಿ ಎಂದು ಎರಡು ಪಾರ್ಟಿಷನ್ (ಭಾಗ) ಇವೆ. ಮಕ್ಕಳ ಹನ್ನೆರಡು ವರ್ಷದ ಫೋಟೊಗಳು ಡಿ ಡ್ರೈವ್‌ನಲ್ಲಿವೆ. ಉಳಿದ ಫೈಲ್‌ಗಳನ್ನೂ ಅಲ್ಲಿಗೇ ಹಾಕಿ, ಸಿ ಅಳಿಸಿ ಮಿಂಟ್ ಹಾಕಿದರೆ ಆಯ್ತಲ್ವಾ?

ಉತ್ತರ: ದಯವಿಟ್ಟು ಅಷ್ಟನ್ನೇ ನಂಬಿ ಶುರು ಮಾಡಬೇಡಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಬದಲಾಯಿಸುವುದು ಸರಿಯೇ. ಆದರೆ ಸಿ, ಡಿ ಬೇರೆ ಬೇರೆ ಡಿಸ್ಕ್‌ಗಳಲ್ಲ. ಒಂದೇ ಹೊಲದಲ್ಲಿ ಹಾಕಿದ ಬದು ಇದ್ದ ಹಾಗೆ. ಇನ್‌ಸ್ಟಾಲ್ ಮಾಡುವಾಗ ಇಡೀ ಡಿಸ್ಕ್ ಅಳಿಸುವ ಆಯ್ಕೆ ಒತ್ತಿದರೆ ಎರಡೂ ಹೋಗುತ್ತವೆ.

ನಾನು ಇದೇ ನಂಬಿಕೆಯಲ್ಲಿ ಒಮ್ಮೆ ಡಿ ಪಾರ್ಟಿಷನ್ನಿನ ಆರಂಭವನ್ನು ಬಲಕ್ಕೆ ಸರಿಸಲು ಹೊರಟಿದ್ದೆ. ಹಾಗೆ ಸರಿಸಿದರೆ ಒಳಗಿರುವ ಡೇಟಾ ಎಲ್ಲ ಹೊಸ ಜಾಗಕ್ಕೆ ಹೋಗಬೇಕು, ಗಂಟೆಗಟ್ಟಲೆ ಹಿಡಿಯುತ್ತದೆ. ಮಧ್ಯದಲ್ಲಿ ಕರೆಂಟ್ ಹೋಯಿತು. ಅಪ್ಪ ಮಾತಾಡಿದ್ದನ್ನು ರೆಕಾರ್ಡ್ ಮಾಡಿದ ಫೈಲ್‌ಗಳು ಅಲ್ಲಿದ್ದವು. ಅವು ಮತ್ತೆ ಸಿಗಲಿಲ್ಲ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಮೊದಲು ಹೊರಗಿನ ಹಾರ್ಡ್ ಡಿಸ್ಕ್ ಒಂದನ್ನು ತನ್ನಿ. ಅದರ ಫಾರ್ಮ್ಯಾಟ್, ಅಂದರೆ ಫೈಲ್ ಜೋಡಿಸಿಡುವ ವಿಧಾನ, ಫ್ಯಾಟ್32 ಆಗಿದ್ದರೆ 4 ಜಿಬಿಗಿಂತ ದೊಡ್ಡ ವಿಡಿಯೊ ಹಿಡಿಸುವುದಿಲ್ಲ, ಎಕ್ಸ್‌ಫ್ಯಾಟ್ ಇರಲಿ. ಡಿ ಪೂರ್ತಿ ಕಾಪಿ ಮಾಡಿ. ಸಿ ಡ್ರೈವ್‌ನಲ್ಲಿ ಯೂಸರ್ಸ್ ಒಳಗೆ ನಿಮ್ಮ ಹೆಸರಿನ ಫೋಲ್ಡರ್ ಇರುತ್ತದಲ್ಲ, ಅದನ್ನೂ. ಡೆಸ್ಕ್‌ಟಾಪ್, ಡೌನ್‌ಲೋಡ್ಸ್ ಎಲ್ಲ ಇರುವುದು ಅದರಲ್ಲೇ. ಬ್ರೌಸರ್‌ನ ಪಾಸ್‌ವರ್ಡ್‌ಗಳು, ನೀವು ಹಾಕಿಕೊಂಡ ಫಾಂಟ್‌ಗಳು, ಇವನ್ನು ತೆಗೆದಿಟ್ಟುಕೊಳ್ಳುವುದು ಜಾಸ್ತಿ ಜನರಿಗೆ ಮರೆತೇ ಹೋಗುತ್ತದೆ.

ಕಾಪಿ ಆಯಿತು ಅಂತ ಸುಮ್ನೆ ಬಿಡಬೇಡಿ. ಆ ಡಿಸ್ಕನ್ನು ಬೇರೆ ಕಂಪ್ಯೂಟರ್‌ಗೆ ಹಾಕಿ, ಹಳೆಯ ಫೋಟೊ ನಾಲ್ಕು, ವಿಡಿಯೊ ಎರಡು ತೆರೆದು ಕೊನೆಯವರೆಗೂ ನೋಡಿ. ಫೋಟೊಗಳ ಇನ್ನೊಂದು ಕಾಪಿ ಬೇರೆಲ್ಲಾದರೂ ಇದ್ದರೆ ನನಗೂ ಸಮಾಧಾನ.

ಇನ್ನು ಪಾರ್ಟಿಷನ್. ಡಿಸ್ಕಿಗೆ ಗುಪ್ತಲಿಪಿಯ ಬೀಗ ಹಾಕುವ ಬಿಟ್‌ಲಾಕರ್ ಇದ್ದರೆ ವಿಂಡೋಸ್‌ನಲ್ಲೇ ಆಫ್ ಮಾಡಿ, ಡಿಕ್ರಿಪ್ಟ್ (ಬೀಗ ಬಿಚ್ಚುವ ಕೆಲಸ) ಪೂರ್ತಿ ಮುಗಿಯಲಿ. ವಿಂಡೋಸನ್ನು ಪೂರ್ತಿ ಮುಚ್ಚದೇ ಇಡುವ ಫಾಸ್ಟ್ ಸ್ಟಾರ್ಟಪ್ ಕೂಡ ಆಫ್ ಇರಲಿ, ಇಲ್ಲದಿದ್ದರೆ ಮಿಂಟ್‌ನಲ್ಲಿ ಡಿ ಡ್ರೈವ್‌ಗೆ ಬರೆಯಲು ಬಿಡದೇ ಇರಬಹುದು. ವಿಂಡೋಸ್‌ನಲ್ಲೇ ಇರುವ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು ಪ್ರತಿ ಪಾರ್ಟಿಷನ್ನಿನ ಅಳತೆ, ಎಡದಿಂದ ಬಲಕ್ಕೆ ಅದರ ಸರದಿ, ಎರಡನ್ನೂ ಹಾಳೆಯ ಮೇಲೆ ಬರೆದುಕೊಳ್ಳಿ. ಯಾಕೆಂದರೆ ಲಿನಕ್ಸ್‌ನಲ್ಲಿ ಸಿ, ಡಿ ಎಂಬ ಹೆಸರೇ ಕಾಣುವುದಿಲ್ಲ. ಎಸ್‌ಡಿಎ3, ಎಸ್‌ಡಿಎ4 ಅಂತ ಬರುತ್ತದೆ. ಅಳತೆಯೂ ಬೇರೆ ಕಾಣಬಹುದು: ವಿಂಡೋಸ್ 1024ರ ಲೆಕ್ಕದಲ್ಲಿ 200 ಜಿಬಿ ಅಂದದ್ದು 1000ದ ಲೆಕ್ಕದಲ್ಲಿ ಸುಮಾರು 215 ಜಿಬಿ. ಗಾಬರಿ ಬೇಡ, ಸರದಿ ನೋಡಿ ಗುರುತಿಸಿ.

ಮಿಂಟ್‌ನ ಇನ್‌ಸ್ಟಾಲರ್‌ನಲ್ಲಿ 'ಸಮ್‌ಥಿಂಗ್ ಎಲ್ಸ್' ಆರಿಸಿ, ಪಾರ್ಟಿಷನ್‌ಗಳನ್ನು ನೀವೇ ಆರಿಸುವ ಆಯ್ಕೆ ಅದು. ಸಿ ಇದ್ದ ಪಾರ್ಟಿಷನ್ ಮಾತ್ರ ಅಳಿಸಿ, ಆ ಜಾಗದಲ್ಲಿ ಎಕ್ಸ್‌ಟಿ4 (ಲಿನಕ್ಸ್‌ನ ಫಾರ್ಮ್ಯಾಟ್) ಮಾಡಿ ಮಿಂಟ್ ಹಾಕಿ. ಕಂಪ್ಯೂಟರ್ ಶುರುವಾಗಲು ಬೇಕಾದ ಫೈಲ್‌ಗಳಿರುವ ಇಎಫ್‌ಐ ಎಂಬ ಪುಟ್ಟ ಪಾರ್ಟಿಷನ್ ಕಂಡರೆ ಫಾರ್ಮ್ಯಾಟ್ ಮಾಡಬೇಡಿ. ಡಿ ಮುಟ್ಟುವುದೇ ಬೇಡ. ಅದು ವಿಂಡೋಸ್‌ನ ಎನ್‌ಟಿಎಫ್‌ಎಸ್ ಫಾರ್ಮ್ಯಾಟ್ ಆಗಿದ್ದರೂ ಮಿಂಟ್ ಓದುತ್ತದೆ. 'ಇನ್‌ಸ್ಟಾಲ್ ನೌ' ಒತ್ತಿದ ಮೇಲೆ ಏನೇನು ಬದಲಾಗುತ್ತದೆ ಎಂಬ ಪಟ್ಟಿ ಬರುತ್ತದೆ. ಅದನ್ನು ನಿಮ್ಮ ಹಾಳೆಯ ಜೊತೆ ಹೋಲಿಸಿ. ಒಂದು ಸಾಲು ಹೊಂದದಿದ್ದರೂ 'ಗೋ ಬ್ಯಾಕ್' ಒತ್ತಿ.