ಸಂಪಾದಕರ ಉತ್ತರ: ಬೇಸ್ ನಿಲ್ಲಿಸಿ ನೋಡಿ

ತೀರ್ಥಹಳ್ಳಿ ಕಡೆಯ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದು ಕೇಳಿದ್ದಾರೆ, ಹಾಕಿಲ್ಲ. ಹೋದ ಸಂಚಿಕೆಯಲ್ಲಿ ನಾವು ಕೊಟ್ಟ ಹತ್ತು ಶ್ರೇಷ್ಠ ಬೇಸ್ ಗಿಟಾರ್ (ಹಾಡಿನ ಕೆಳಗಿನ ಸ್ವರಗಳನ್ನು ನುಡಿಸುವ ದಪ್ಪ ತಂತಿಯ ಗಿಟಾರ್) ವಾದಕರ ಪಟ್ಟಿ ಅವರಿಗೆ ಸಿಟ್ಟು ತರಿಸಿದೆ. ಜಾಕೊ ಪಾಸ್ಟೋರಿಯಸ್ ಮೊದಲ ಸ್ಥಾನಕ್ಕೆ ತಕ್ಕವರಲ್ಲ, ಅವರು ಓವರ್‌ರೇಟೆಡ್ ಅನ್ನುತ್ತಾರೆ. ಬೆರಳಿನ ಬದಲು ಪಿಕ್ (ತಂತಿ ಮೀಟುವ ಸಣ್ಣ ಬಿಲ್ಲೆ) ಹಿಡಿದು ನುಡಿಸುವವರನ್ನು ಪಟ್ಟಿಗೆ ಸೇರಿಸಲೇಬಾರದಿತ್ತಂತೆ. ನಮ್ಮ ಸಿನಿಮಾ ಹಾಡುಗಳಿಗೆ ಬೇಸ್ ನುಡಿಸಿದ ಒಬ್ಬರ ಹೆಸರೂ ಯಾಕಿಲ್ಲ ಎಂದು ಕೇಳುತ್ತಾರೆ. ಫೆಂಡರ್ ಕಂಪನಿಯ ಬೇಸ್ ಕೊಳ್ಳಲು ದುಡ್ಡು ಕೂಡಿಡುತ್ತಿದ್ದೇನೆ, ಬೇಕಾ? ನಾಲ್ಕು ತಂತಿಯದೋ ಐದು ತಂತಿಯದೋ? ಇವೆರಡು ಪ್ರಶ್ನೆಯೂ ಇವೆ. ಪತ್ರದ ಕೊನೆಯಲ್ಲಿ ಹೀಗಿದೆ: 'ಈ ಸಲ ಗಣಪತಿ ಕಾರ್ಯಕ್ರಮಕ್ಕೆ ನಮ್ಮ ಆರ್ಕೆಸ್ಟ್ರಾದವರು ನನ್ನನ್ನು ಕರೆದಿಲ್ಲ. ಕೀಬೋರ್ಡಿನವರೇ ಎಡಗೈಯಲ್ಲಿ ಬೇಸ್ ಹಾಕ್ತಾರಂತೆ. ನನಗೆ ಕೊಡೋ ದುಡ್ಡು ಉಳಿಯುತ್ತಂತೆ.'

ನಮಸ್ಕಾರ. ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಉತ್ತರವನ್ನು ಆ ಕೊನೆಯ ಮಾತಿನಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಉಳಿದ ಜಗಳವೆಲ್ಲ ಅದರೊಳಗೇ ಇದೆ ಅನ್ನಿಸಿತು.

ಸುಮಾರು ಮೂವತ್ತು ವರ್ಷದ ಹಿಂದೆ ನಾನೂ ಶಿವಮೊಗ್ಗದ ಒಂದು ಆರ್ಕೆಸ್ಟ್ರಾದಲ್ಲಿ ಬೇಸ್ ನುಡಿಸುತ್ತಿದ್ದೆ. ದುರ್ಗಿಗುಡಿಯ ಒಂದು ಮಹಡಿ ಮೇಲಿನ ರೂಮಿನಲ್ಲಿ ಪ್ರಾಕ್ಟೀಸ್. ಒಂದು ಗಣಪತಿ ಹಬ್ಬದ ರಾತ್ರಿ, ಹಾಡು ಅರ್ಧಕ್ಕೆ ಬಂದಾಗ ಬೇಸಿನ ಧ್ವನಿ ದೊಡ್ಡದು ಮಾಡುವ ನನ್ನ ಆಂಪ್ ಸತ್ತಿತು. ಬೀದಿ ತುಂಬ ಜನ. 'ಬೇಸ್ ನಿಂತಿತು' ಎಂದು ಒಬ್ಬರೂ ಹೇಳಲಿಲ್ಲ. ಆದರೆ ಮುಂದೆ ಕುಣಿಯುತ್ತಿದ್ದ ಹುಡುಗರ ಕಾಲು ನಿಧಾನವಾಯಿತು, ಹಾಡುತ್ತಿದ್ದವರು ಎರಡು ಸಲ ಹಿಂದೆ ತಿರುಗಿ ನೋಡಿದರು, ಡ್ರಮ್ಸಿನವರು ಯಾಕೋ ಗಾಬರಿಯಾಗಿ ಸ್ಪೀಡ್ ಏರಿಸಿದರು, ಹಾಡು ಹೇಗೋ ಮುಗಿಯಿತು. ಆಮೇಲೆ ಒಬ್ಬ ಹಿರಿಯರು ಸ್ಟೇಜ್ ಹತ್ತಿರ ಬಂದು ಕೇಳಿದರು, 'ಮೈಕಿಗೆ ಏನಾಯ್ತು ಮಾರಾಯ?' ಮೈಕ್ ಸರಿಯಾಗಿಯೇ ಇತ್ತು.

ಬೇಸ್ ನುಡಿಸುವವರನ್ನು ಅಳೆಯಲು ನನಗೆ ಅವತ್ತು ಸಿಕ್ಕ ಅಳತೆ ಇದು. ಅವರು ನಿಲ್ಲಿಸಿದರೆ ಹಾಡಿನಲ್ಲಿ ಏನೇನು ಬೀಳುತ್ತದೆ ಅಂತ ನೋಡಬೇಕು. ಹೋದ ಸಂಚಿಕೆಯ ಪಟ್ಟಿ ಮಾಡುವಾಗ ನಾವು ಅದನ್ನು ಮರೆತೆವು. ಬೆರಳು ಎಷ್ಟು ಜೋರಾಗಿ ಓಡುತ್ತದೆ ಅನ್ನೋದನ್ನೇ ನೋಡಿದೆವು. ಪಟ್ಟಿ ಮಾಡಿದವರಲ್ಲಿ ನಾನೂ ಇದ್ದೆ, ಹಾಗಾಗಿ ತಪ್ಪು ನನ್ನದೂ ಹೌದು.

ಜೇಮ್ಸ್ ಜೇಮರ್ಸನ್ ಅವರನ್ನು ಏಳನೇ ಸ್ಥಾನದಲ್ಲಿ ಇಟ್ಟದ್ದಕ್ಕೆ ನನಗೆ ನಿಜವಾಗಿ ನಾಚಿಕೆಯಾಗುತ್ತಿದೆ. ಡೆಟ್ರಾಯಿಟ್‌ನ ಮೋಟೌನ್ ಕಂಪನಿಯ ಸ್ಟುಡಿಯೋದಲ್ಲಿ ಅರವತ್ತರ ದಶಕ ಪೂರ್ತಿ ಬೇಸ್ ನುಡಿಸಿದವರು ಅವರು. ಬಲಗೈಯ ತೋರುಬೆರಳು ಒಂದೇ ಅವರ ಆಯುಧ, ಆ ಬೆರಳಿಗೆ 'ಹುಕ್' (ಕೊಕ್ಕೆ) ಅಂತಲೇ ಹೆಸರು ಬಿದ್ದಿತ್ತು. 1962ರ ಒಂದು ಫೆಂಡರ್ ಪ್ರಿಸಿಷನ್ ಬೇಸ್, ಅದಕ್ಕೆ ದಪ್ಪ ಫ್ಲಾಟ್‌ವೌಂಡ್ (ಮೇಲೆ ನುಣುಪಾಗಿರುವ) ತಂತಿ. ತಂತಿ ಹರಿದು ಹೋಗುವವರೆಗೆ ಬದಲಾಯಿಸುತ್ತಿರಲಿಲ್ಲ. ಒಂದು ಹಾಡಿನಲ್ಲಿ ಅವರ ಬೇಸನ್ನು ಮಾತ್ರ ಹಿಂಬಾಲಿಸಿ ಕೇಳಿ. ಹಾಡುವವರ ಸಾಲು ಮುಗಿದು ಇನ್ನೊಂದು ಶುರುವಾಗುವ ಮೊದಲಿನ ಸಣ್ಣ ಜಾಗದಲ್ಲಿ ಮೂರೋ ನಾಲ್ಕೋ ಸ್ವರ ಹಾಕಿ ಮತ್ತೆ ಹಿಂದೆ ಸರಿದು ಬಿಡುತ್ತಾರೆ. ಹಾಡುವವರ ಕಾಲಿಗೆ ಎಲ್ಲೂ ಅಡ್ಡ ಬರುವುದಿಲ್ಲ. ಇಷ್ಟೆಲ್ಲ ಮಾಡಿದರೂ ಅವರ ಹೆಸರು ರೆಕಾರ್ಡಿನ ಕವರ್ ಮೇಲೆ ಬರಲು 1971ರವರೆಗೆ ಕಾಯಬೇಕಾಯಿತು, ಅದು ಗಾಯಕ ಮಾರ್ವಿನ್ ಗೇ ಅವರ ಆಲ್ಬಮ್. 1983ರಲ್ಲಿ, 47ನೇ ವಯಸ್ಸಿಗೇ ತೀರಿಕೊಂಡರು. ಅಂಡರ್‌ರೇಟೆಡ್ ಅನ್ನುವ ಪದವನ್ನು ಯಾರಿಗಾದರೂ ಬಳಸುವುದಾದರೆ ಮೊದಲು ಇವರಿಗೆ ಬಳಸಬೇಕು.

ಈಗ ಜಾಕೊ. ಇಲ್ಲಿ ನಾನು ನಿಮ್ಮ ಜೊತೆ ಇಲ್ಲ. ಜಾಕೊ ನುಡಿಸಿದ್ದು ಫ್ರೆಟ್ (ಬೆರಳಿಡುವ ಹಲಗೆಯ ಮೇಲಿನ ಅಡ್ಡ ಲೋಹದ ಪಟ್ಟಿ) ಕಿತ್ತ ಫೆಂಡರ್ ಜಾಝ್ ಬೇಸ್, ಅದರ ಹಲಗೆಗೆ ಎಪಾಕ್ಸಿ ಅನ್ನುವ ಗಟ್ಟಿ ಅಂಟು ಬಳಿದಿತ್ತು. 1976ರಲ್ಲಿ ಬಂದ ಅವರ ಮೊದಲ ಆಲ್ಬಮ್ ಕೇಳಿದವರು ಈ ವಾದ್ಯದಿಂದ ಇಂಥ ಧ್ವನಿ ಬರುತ್ತದೆ ಅಂತ ನಂಬಿರಲಿಲ್ಲ. ನೀವು ಹೇಳುವ ಹಾಗೆ ಅವರು ಬರೀ ಸರ್ಕಸ್ ಮಾಡಿದವರಾಗಿದ್ದರೆ ಅದೇ ವರ್ಷ ಗಾಯಕಿ ಜೋನಿ ಮಿಚೆಲ್ ಅವರ ಆಲ್ಬಮ್‌ನಲ್ಲಿ ಅಷ್ಟು ತಾಳ್ಮೆಯಿಂದ ನುಡಿಸಲು ಆಗುತ್ತಿರಲಿಲ್ಲ. ಅಲ್ಲಿ ಅವರು ಹಾಡುವ ಧ್ವನಿಯ ಪಕ್ಕದಲ್ಲಿ ಇನ್ನೊಂದು ಧ್ವನಿಯ ಹಾಗೆ ನಡೆಯುತ್ತಾರೆ, ಜಾರುತ್ತಾರೆ, ಸುಮ್ನೆ ನಿಲ್ಲುತ್ತಾರೆ. 35 ವರ್ಷಕ್ಕೇ ಹೋಗಿಬಿಟ್ಟರು. ನಿಮ್ಮ ಸಿಟ್ಟು ಅವರ ಮೇಲಲ್ಲ, ಅವರ ವೇಗವನ್ನಷ್ಟೇ ಕಲಿತು ಪ್ರತಿ ಹಾಡಿನಲ್ಲೂ ಅದನ್ನು ತುರುಕುವವರ ಮೇಲೆ ಅಂತ ನನ್ನ ಊಹೆ. ಆ ಸಿಟ್ಟು ನನಗೂ ಇದೆ.

ಓವರ್‌ರೇಟೆಡ್ ಯಾರು ಅಂತ ನೇರವಾಗಿ ಕೇಳಿದ್ದೀರಿ. ಸೆಕ್ಸ್ ಪಿಸ್ಟಲ್ಸ್ ಅನ್ನುವ ಪಂಕ್ ತಂಡದ ಬೇಸ್‌ನವರು, ಸಿಡ್ ವಿಷಸ್. ಟೀ ಶರ್ಟಿನ ಮೇಲೆ ಅವರ ಮುಖ ಇವತ್ತಿಗೂ ಮಾರಾಟವಾಗುತ್ತದೆ. ಆದರೆ ಆ ತಂಡದ 1977ರ ಆಲ್ಬಮ್‌ನಲ್ಲಿ ಬೇಸ್‌ನ ಬಹುಪಾಲನ್ನು ನುಡಿಸಿದ್ದು ಗಿಟಾರಿನ ಸ್ಟೀವ್ ಜೋನ್ಸ್. ಇದರಲ್ಲಿ ಚರ್ಚೆಗೆ ಜಾಸ್ತಿ ಏನೂ ಇಲ್ಲ.

ಪಿಕ್ ವಿಷಯಕ್ಕೆ ಬರುತ್ತೇನೆ. 'ಪಿಕ್ ಹಿಡಿದವರು ಗಿಟಾರ್ ಕೈಬಿಟ್ಟು ಬಂದವರು' ಎಂದು ಬರೆದಿದ್ದೀರಿ. ಕ್ಯಾರಲ್ ಕೇ ನಿಜಕ್ಕೂ ಗಿಟಾರಿನಿಂದಲೇ ಬಂದವರು! ಲಾಸ್ ಏಂಜಲಿಸ್‌ನಲ್ಲಿ 1963ರ ಸುಮಾರಿಗೆ ಒಂದು ದಿನ ಸ್ಟುಡಿಯೋಗೆ ಬೇಸ್‌ನವರು ಬರಲಿಲ್ಲ. ಗಿಟಾರ್ ನುಡಿಸುತ್ತಿದ್ದ ಇವರು ಬೇಸ್ ಎತ್ತಿಕೊಂಡರು, ಆಮೇಲೆ ಅದನ್ನು ಬಿಡಲಿಲ್ಲ. ಪಿಕ್ ಹಿಡಿದೇ ಸಾವಿರಾರು ರೆಕಾರ್ಡಿಂಗ್ ಮಾಡಿದರು, ಬೀಚ್ ಬಾಯ್ಸ್ ತಂಡದ 1966ರ ಆಲ್ಬಮ್ ಕೂಡ ಅದರಲ್ಲಿ ಸೇರಿದೆ. ಅವರ ಪ್ರತಿ ಸ್ವರಕ್ಕೂ ಒಂದು ಅಂಚು ಇರುತ್ತದೆ, ಸಣ್ಣ ರೇಡಿಯೋದಲ್ಲೂ ಕೇಳಿಸುತ್ತದೆ. ಆ ಅಂಚು ಬಂದದ್ದು ಪಿಕ್‌ನಿಂದಲೇ. ಈ ಒಂದು ಮಾತನ್ನು ನೀವು ವಾಪಸ್ ತೆಗೆದುಕೊಳ್ಳಬೇಕು ಮಾರಾಯ್ರೇ.

ಕ್ವೀನ್ ತಂಡದ ಜಾನ್ ಡೀಕನ್ ಅವರನ್ನು ಪಟ್ಟಿಯಿಂದ ಬಿಟ್ಟದ್ದಕ್ಕೆ ಬೈದಿದ್ದೀರಿ. ಬೈಗುಳ ಒಪ್ಪಿದೆ. ಬಾಬ್ ಮಾರ್ಲಿ ಜೊತೆ ನುಡಿಸಿದ ಆಸ್ಟನ್ ಬ್ಯಾರೆಟ್ ಅವರನ್ನೂ ಬಿಟ್ಟಿದ್ದೆವು, ಅದನ್ನು ನೀವು ಗಮನಿಸಿಲ್ಲ. ಮಾರ್ಲಿ ಹಾಡಿದ ಜಮೈಕಾದ ರೆಗ್ಗೆ ಸಂಗೀತದಲ್ಲಿ ಬೇಸ್ ತೆಗೆದರೆ ಹಾಡಿನ ಮೈಯೇ ಉಳಿಯುವುದಿಲ್ಲ.

ಬೇಸ್ ತೆಗೆದರೆ ಏನಾಗುತ್ತದೆ ಅನ್ನೋದಕ್ಕೆ ನನ್ನ ಗಣಪತಿ ಹಬ್ಬದ ರಾತ್ರಿಗಿಂತ ದೊಡ್ಡ ಸಾಕ್ಷಿಯೂ ಒಂದಿದೆ. ಮೆಟಾಲಿಕಾ ತಂಡದ ಕ್ಲಿಫ್ ಬರ್ಟನ್ 1986ರಲ್ಲಿ ಬಸ್ ಅಪಘಾತದಲ್ಲಿ ತೀರಿಕೊಂಡರು. ಜೇಸನ್ ನ್ಯೂಸ್ಟೆಡ್ ಅವರ ಜಾಗಕ್ಕೆ ಬಂದರು. 1988ರ ಆಲ್ಬಮ್‌ನ ಮಿಕ್ಸಿಂಗ್‌ನಲ್ಲಿ ಅವರ ಬೇಸನ್ನು ಎಷ್ಟು ಇಳಿಸಿದರು ಅಂದರೆ ಅದು ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಒಳ್ಳೆ ಹಾಡುಗಳು, ಒಳ್ಳೆ ಗಿಟಾರ್. ಆದರೂ ಆ ಆಲ್ಬಮ್ ಒಣಗಿದ ಹಾಗೆ ಕೇಳಿಸುತ್ತದೆ. ಅಭಿಮಾನಿಗಳು ಇವತ್ತಿಗೂ ಅದರ ಬಗ್ಗೆ ದೂರುತ್ತಾರೆ.

ನಮ್ಮ ಹಾಡುಗಳ ಬಗ್ಗೆ ನೀವು ಕೇಳಿದ್ದು ನನ್ನನ್ನು ತುಂಬ ಕಾಡಿತು. 1981ರ 'ಗೀತಾ', 1983ರ 'ಪಲ್ಲವಿ ಅನುಪಲ್ಲವಿ', ಈ ಎರಡು ಕನ್ನಡ ಸಿನಿಮಾಗಳ ಹಾಡುಗಳನ್ನು ಹೆಡ್‌ಫೋನ್ ಹಾಕಿ ಕೇಳಿ. ಎರಡಕ್ಕೂ ಇಳಯರಾಜ ಅವರ ಸಂಗೀತ. ಬೇಸ್ ಅಲ್ಲಿ ಮೂಲೆಯಲ್ಲಿ ಕೂತು ತಾಳ ಹಾಕುವುದಿಲ್ಲ, ಹಾಡಿನ ಕೆಳಗೆ ತನ್ನದೇ ಒಂದು ಹಾಡು ಹಾಡಿಕೊಂಡು ಹೋಗುತ್ತದೆ. ಇಳಯರಾಜ ಅವರ ತಂಡದಲ್ಲಿ ಬಹಳ ವರ್ಷ ಬೇಸ್ ನುಡಿಸಿದ ಶಶಿಧರನ್, ರೆಹಮಾನ್ ಜೊತೆ ನುಡಿಸಿದ ಕೀತ್ ಪೀಟರ್ಸ್ ಇಬ್ಬರೂ ನಮ್ಮ ಪಟ್ಟಿಯಲ್ಲಿ ಇರಬೇಕಿತ್ತು. ಆದರೆ ಕ್ಯಾಸೆಟ್ಟಿನ ಮೇಲೆ ಸಾಹಿತ್ಯ, ಸಂಗೀತ, ಗಾಯಕರು ಅಂತ ಮೂರು ಸಾಲು ಇರುತ್ತಿತ್ತು. ಬೇಸ್‌ನವರಿಗೆ ನಾಲ್ಕನೇ ಸಾಲು ಇರಲಿಲ್ಲ. ಮನೆಯಲ್ಲಿ ದಿನಾ ಕೇಳಿದ ಹಾಡಿಗೆ ಬೇಸ್ ನುಡಿಸಿದವರ ಹೆಸರು ಗೊತ್ತಿಲ್ಲದೆಯೇ ನಾವು ಬೆಳೆದೆವು. ನಮ್ಮ ಕಡೆ ಬಯಲಾಟಕ್ಕೆ ಹೋಗಿ ಬಂದವರು ಬೆಳಿಗ್ಗೆ ಭಾಗವತರ ಬಗ್ಗೆ, ಚಂಡೆಯ ಬಗ್ಗೆ ಮಾತಾಡುತ್ತಾರೆ. ಇಡೀ ರಾತ್ರಿ ಪದದ ಜೊತೆ ನಡೆದ ಮದ್ದಳೆಯವರ ಬಗ್ಗೆ ಮಾತು ಕಡಿಮೆ, ಅಲ್ವಾ?

ಮೊಬೈಲ್ ರೀಲ್ಸ್‌ನಿಂದ ಬೇಸ್ ವಾದಕಿ ಮೋಹಿನಿ ಡೇ ಹೆಸರು ದೊಡ್ಡದಾಯಿತು ಅನ್ನುವ ನಿಮ್ಮ ಮಾತು ಅರ್ಧ ಸರಿ. ರೀಲ್ಸ್ ನೋಡುವವರು ವೇಗ ನೋಡುತ್ತಾರೆ. ನೀವು ಅವರ ಲಯ ಕೇಳಿ. ಕೊನ್ನಕೋಲ್ (ಮೃದಂಗದ ಜತಿಗಳು) ಬಾಯಲ್ಲಿ ಹೇಳುತ್ತಲೇ ಅದನ್ನು ಬೇಸಿನಲ್ಲಿ ನುಡಿಸುವುದು ತೋರಿಕೆಗೆ ಆಗುವ ಕೆಲಸವಲ್ಲ.

ಇನ್ನೊಂದು ವಿಷಯ. ಈಗ ಜಾಸ್ತಿ ಜನ ಹಾಡು ಕೇಳುವುದು ಫೋನಿನಲ್ಲಿ. ನಾಲ್ಕು ತಂತಿ ಬೇಸಿನ ಅತಿ ಕೆಳಗಿನ ಸ್ವರದ ಇ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಫೋನಿನ ಪುಟ್ಟ ಸ್ಪೀಕರಿಗೆ ಅಷ್ಟು ಕೆಳಗಿನ ಧ್ವನಿ ಕೊಡುವ ಶಕ್ತಿಯಿಲ್ಲ. ಅದು ಕೊಡುವುದು ಆ ಸ್ವರದ ಮೇಲಿನ ಮರಿಸ್ವರಗಳನ್ನು ಮಾತ್ರ. ಕೆಳಗಿನದ್ದನ್ನು ಮಿದುಳು ಊಹಿಸಿಕೊಳ್ಳುತ್ತದೆ. ಅರ್ಧ ಕಿವಿಯಲ್ಲಿ ಕೇಳಿದವರು ಬೇಸ್‌ನವರ ಬೆಲೆ ಕಟ್ಟುವುದು ಹೇಗೆ?

ಗಿಟಾರ್ ಕೊಳ್ಳುವ ವಿಷಯ. ದುಬಾರಿ ಫೆಂಡರಿಗಾಗಿ ಕಾಯಬೇಡಿ. ಯಮಹಾ ಅಥವಾ ಸ್ಕ್ವಾಯರ್, ಸೆಕೆಂಡ್ ಹ್ಯಾಂಡ್ ಆದರೂ ಸರಿ, ನೆಕ್ (ಬೆರಳಿಡುವ ಉದ್ದ ಕತ್ತು) ನೇರ ಇರುವುದನ್ನು ನೋಡಿ ತೆಗೆದುಕೊಳ್ಳಿ. ಉಳಿದ ದುಡ್ಡಲ್ಲಿ ಒಳ್ಳೆ ತಂತಿ ಹಾಕಿಸಿ, ಸೆಟಪ್ (ತಂತಿಯ ಎತ್ತರ, ನೆಕ್ ಹೊಂದಿಸುವುದು) ಮಾಡಿಸಿ. ಪ್ರಿಸಿಷನ್ ಮಾದರಿಯೋ ಜಾಝ್ ಮಾದರಿಯೋ ಅಂದರೆ ನಿಮಗೆ ಪ್ರಿಸಿಷನ್. ಕಾರಣ ಹೇಳುತ್ತೇನೆ. ಜಾತ್ರೆ ಸ್ಟೇಜಿನ ಜನರೇಟರ್, ಅರ್ಥಿಂಗ್ ಇಲ್ಲದ ವೈರು, ತಲೆ ಮೇಲೆ ಸೀರಿಯಲ್ ಲೈಟು, ಇವೆಲ್ಲ ನಿಮಗೆ ಗೊತ್ತು. ಜಾಝ್ ಬೇಸಿನಲ್ಲಿ ಎರಡು ಪಿಕಪ್ (ತಂತಿಯ ಕಂಪನ ಹಿಡಿಯುವ ಆಯಸ್ಕಾಂತದ ತುಂಡು) ಇರುತ್ತವೆ, ಒಂದರ ವಾಲ್ಯೂಮ್ ಇಳಿಸಿದ ಕೂಡಲೇ ಗುಂಯ್ ಅನ್ನುತ್ತದೆ. ಪ್ರಿಸಿಷನ್ ಬೇಸಿನ ಪಿಕಪ್ 1957ರಿಂದ ಎರಡು ತುಂಡಾಗಿ ಬರುತ್ತಿದೆ, ಎರಡೂ ಸೇರಿ ಆ ಗುಂಯ್ ಸದ್ದನ್ನು ಕೊಂದುಬಿಡುತ್ತವೆ. ತಂತಿ ನಾಲ್ಕು ಸಾಕು. ಡಿ, ಸಿ ಶ್ರುತಿಯ ಹಾಡು ಜಾಸ್ತಿ ಇದ್ದರೆ ಐದನೆಯದು ಅನುಕೂಲ. ಆದರೆ ಅದರ ಬಿ ಸ್ವರ ಸುಮಾರು 31 ಕಂಪನಕ್ಕೆ ಇಳಿಯುತ್ತದೆ, ನಮ್ಮ ಶಾಮಿಯಾನದವರ ಬಾಕ್ಸ್‌ಗಳು ಅಷ್ಟು ಕೆಳಗೆ ಹೋಗುವುದಿಲ್ಲ.

ಯಾವ ಬೇಸ್ ತಂದರೂ ನಿಮ್ಮ ಊರಿನ ಮಳೆ ಅದನ್ನು ಪರೀಕ್ಷೆ ಮಾಡುತ್ತದೆ. ಜೂನ್‌ನಲ್ಲಿ ಮರ ನೀರು ಕುಡಿದು ನೆಕ್ ಬಾಗುತ್ತದೆ, ತಂತಿ ಮೇಲೇಳುತ್ತದೆ. ಫೆಬ್ರವರಿಯಲ್ಲಿ ಒಣಗಿ ಫ್ರೆಟ್‌ಗಳ ತುದಿ ಕೈಗೆ ಚುಚ್ಚುತ್ತದೆ. ಮೊದಲನೇ ಫ್ರೆಟ್ ಮೇಲೂ ನೆಕ್ ಬಾಡಿಗೆ ಸೇರುವ ಜಾಗದಲ್ಲೂ ಒಂದೇ ತಂತಿಯನ್ನು ಒತ್ತಿ ಹಿಡಿದು, ಏಳನೇ ಫ್ರೆಟ್ ಹತ್ತಿರ ಸಂದು ನೋಡಿ. ಒಂದು ವಿಸಿಟಿಂಗ್ ಕಾರ್ಡ್ ತೂರುವಷ್ಟಿದ್ದರೆ ಸಾಕು. ಜಾಸ್ತಿ ಇದ್ದರೆ ಟ್ರಸ್ ರಾಡನ್ನು (ನೆಕ್ ಒಳಗಿನ ಲೋಹದ ಸರಳು) ಅಲೆನ್ ಕೀಯಿಂದ ಕಾಲು ಸುತ್ತು ಬಿಗಿ ಮಾಡಿ, ಒಂದು ದಿನ ಬಿಡಿ, ಮತ್ತೆ ನೋಡಿ. ಒಂದೇ ಸಲಕ್ಕೆ ಪೂರ್ತಿ ಸುತ್ತು ತಿರುಗಿಸಬೇಡಿ. ಮಣ್ಣಿನ ಗೋಡೆಗೆ ನೇತು ಹಾಕಬೇಡಿ, ಒಲೆ ಮೇಲಿನ ಅಟ್ಟದಲ್ಲೂ ಇಡಬೇಡಿ. ಕರೆಂಟ್ ಹೋದ ರಾತ್ರಿ ಬೇಸಿನ ತಲೆಯನ್ನು ಮನೆಯ ಮರದ ಕಂಬಕ್ಕೋ ಬಾಗಿಲಿಗೋ ಒತ್ತಿ ಹಿಡಿದು ನುಡಿಸಿ. ಆ ಮರವೇ ಗುಂಯ್‌ಗುಡುತ್ತದೆ, ಆಂಪ್ ಇಲ್ಲದೆ ಪ್ರಾಕ್ಟೀಸ್ ಆಗುತ್ತದೆ. ನಾನು ಎಷ್ಟೋ ಮಳೆಗಾಲ ಹೀಗೇ ಕಳೆದಿದ್ದೇನೆ.

ಮತ್ತೆ ನಿಮ್ಮ ಆರ್ಕೆಸ್ಟ್ರಾ. ಅವರ ಜೊತೆ ಜಗಳ ಮಾಡಬೇಡಿ. ಪ್ರಾಕ್ಟೀಸಿಗೆ ಹೋಗಿ, ಒಂದೇ ಹಾಡನ್ನು ಎರಡು ಸಲ ಮಾಡೋಣ ಅನ್ನಿ. ಒಂದು ಸಲ ಕೀಬೋರ್ಡಿನ ಎಡಗೈ, ಇನ್ನೊಂದು ಸಲ ನೀವು. ಎರಡನ್ನೂ ರೆಕಾರ್ಡ್ ಮಾಡಿ ದೊಡ್ಡ ಸ್ಪೀಕರಿನಲ್ಲಿ ಕೇಳಿಸಿ. ಒಂದು ಮಾತು ನೇರವಾಗಿ ಹೇಳುತ್ತೇನೆ, ಬೇಸರ ಮಾಡಬೇಡಿ. ನೀವು ಪ್ರತಿ ಕಾರ್ಡಿಗೂ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಒಂದೊಂದೇ ಸ್ವರ ಒತ್ತಿ ಸುಮ್ಮನಾಗುವವರಾದರೆ ಎಡಗೈಯೂ ಅದನ್ನು ಮಾಡುತ್ತದೆ. ಸ್ವರವನ್ನು ಎಲ್ಲಿ ತುಂಡು ಮಾಡಬೇಕು, ಎಲ್ಲಿ ಎಳೆಯಬೇಕು, ತಬಲಾದ ಡಗ್ಗದ ಜೊತೆ ಎಲ್ಲಿ ಕೂಡಬೇಕು, ಎಲ್ಲಿ ಅದಕ್ಕೆ ಜಾಗ ಬಿಡಬೇಕು, ಒಂದು ಸ್ವರದಿಂದ ಇನ್ನೊಂದಕ್ಕೆ ಹೇಗೆ ಜಾರಬೇಕು ಅನ್ನೋದರಲ್ಲಿ ನಿಮ್ಮ ಕೈ ಕಾಣಬೇಕು. ಬಲಗೈಯಲ್ಲಿ ಇನ್ನೊಂದು ಕೆಲಸ ಇಟ್ಟುಕೊಂಡವರಿಗೆ ಅದಕ್ಕೆ ಪುರುಸೊತ್ತು ಇರುವುದಿಲ್ಲ.

ಪಟ್ಟಿಯನ್ನು ವಾಪಸ್ ತೆಗೆದುಕೊಂಡಿದ್ದೇವೆ. ಅದರ ಬದಲು ಮುಂದಿನ ಸಂಚಿಕೆಯಲ್ಲಿ ಎರಡು ಪುಟ ಖಾಲಿ ಬಿಡುತ್ತಿದ್ದೇವೆ. ಸಾಗರ, ಹೊಸನಗರ, ಶಿಕಾರಿಪುರ, ಕೊಪ್ಪ, ಶೃಂಗೇರಿ, ಎಲ್ಲಿಯವರಾದರೂ ಸರಿ, ನಿಮ್ಮ ಊರಿನ ಆರ್ಕೆಸ್ಟ್ರಾದಲ್ಲಿ ಬೇಸ್ ನುಡಿಸಿದವರ ಹೆಸರನ್ನು ಅವರ ಒಪ್ಪಿಗೆ ಕೇಳಿ ಕಳಿಸಿ. ಯಾವ ಹಾಡಿನಲ್ಲಿ ಅವರ ಕೈ ಚೆನ್ನಾಗಿ ಕೇಳಿಸುತ್ತಿತ್ತು ಅನ್ನೋದನ್ನೂ ಬರೆಯಿರಿ. ಹೆಸರು ಹಾಕಬೇಡಿ ಎಂದು ಬರೆದ ನೀವು, ಈ ಪುಟಕ್ಕಾದರೂ ನಿಮ್ಮ ಹೆಸರು ಕೊಡಿ.