ರೋಗಿ ನೋಡದ ಡಾಕ್ಟರ್ ಆಗ್ತಾಳಂತೆ ಮಗಳು

ಪ್ರಶ್ನೆ: ಮಗಳು ಎಂಬಿಬಿಎಸ್ ಮುಗಿಸಿದ್ದಾಳೆ. ಕ್ಲಿನಿಕ್ ಬೇಡ, ಎಪಿಡೆಮಿಯಾಲಜಿ (ಕಾಯಿಲೆ ಯಾರಿಗೆ, ಯಾಕೆ ಬರುತ್ತೆ ಅನ್ನೋ ಅಧ್ಯಯನ) ಓದಿ ಮುದುಕರ ಮರೆವಿನ ಬಗ್ಗೆ ಸಂಶೋಧನೆ ಮಾಡ್ತೀನಿ ಅಂತಾಳೆ. ಅರವತ್ತಕ್ಕೆ ಅರಳು ಮರಳು ಇದ್ದದ್ದೇ, ಅದರಲ್ಲಿ ಸಂಶೋಧನೆ ಏನಿದೆ?
– ಓದುಗರೊಬ್ಬರು, ಡೊಂಬಿವಲಿ

ಉತ್ತರ: ಈ ಮಾತು ನಂಬಿಕೊಂಡೇ ಎಷ್ಟೋ ಮನೆಯವರು ಹಿರಿಯರನ್ನು ಡಾಕ್ಟರ ಹತ್ತಿರ ಕರೆದೊಯ್ಯುವುದಿಲ್ಲ ಸಾರ್. ಕನ್ನಡಕ ಎಲ್ಲಿಟ್ಟೆ ಅಂತ ಹುಡುಕುವುದು ಬೇರೆ, ದಿನಾ ಓಡಾಡಿದ ಸ್ಟೇಷನ್ನಿನಿಂದ ಮನೆಗೆ ದಾರಿ ತಿಳಿಯದೆ ನಿಲ್ಲುವುದು ಬೇರೆ. 2023ರಲ್ಲಿ ಪ್ರಕಟವಾದ ದೇಶವ್ಯಾಪಿ ಅಧ್ಯಯನದ ಅಂದಾಜಿನಂತೆ, ನಮ್ಮಲ್ಲಿ 60 ದಾಟಿದವರಲ್ಲಿ ಶೇ. 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನಕ್ಕೆ ಡಿಮೆನ್ಷಿಯಾ (ದಿನನಿತ್ಯದ ಬದುಕಿಗೇ ಅಡ್ಡಿಯಾಗುವ ಮರೆವಿನ ಕಾಯಿಲೆ) ಇದೆ. ಮಿಕ್ಕವರಿಗೆ ಇಲ್ಲ ಅಲ್ವಾ? ಇವರಿಗೇ ಯಾಕೆ ಬಂತು, ಅವರಿಗೆ ಯಾಕೆ ಬರಲಿಲ್ಲ? ನಿಮ್ಮ ಮಗಳು ಹುಡುಕಹೊರಟಿರುವುದು ಇದನ್ನೇ.

ಕೆಲಸ ನಿಧಾನದ್ದು. ಕೋಲಾರದ ಶ್ರೀನಿವಾಸಪುರದ ಹಳ್ಳಿಗಳಲ್ಲಿ ಬೆಂಗಳೂರಿನ ಐಐಎಸ್‌ಸಿಯ ಮೆದುಳು ಸಂಶೋಧನಾ ಕೇಂದ್ರದವರು 45 ದಾಟಿದವರನ್ನು ವರ್ಷಗಟ್ಟಲೆ ಗಮನಿಸುತ್ತಾ ಬರುತ್ತಿದ್ದಾರೆ, ಬಿಪಿ, ಶುಗರ್, ನೆನಪಿನ ಶಕ್ತಿ ಎಲ್ಲವನ್ನೂ. ನೆನಪು ಅಳೆಯುವುದೂ ಸುಲಭವಲ್ಲ. ನೂರರಿಂದ ಏಳೇಳು ಕಳೆಯುತ್ತಾ ಹೋಗಿ ಅಂತ ಶಾಲೆಗೇ ಹೋಗದ ಅಜ್ಜಿಯನ್ನು ಕೇಳಿದರೆ ತಪ್ಪುತ್ತಾರೆ, ಅದು ಕಾಯಿಲೆಯಲ್ಲ. ಅದಕ್ಕೇ ಹರಿಯಾಣದ ಬಲ್ಲಭಗಡದಲ್ಲಿ ಓದು ಬರಹ ಬಾರದವರಿಗೂ ಹೊಂದುವಂತೆ ಹಿಂದಿಯಲ್ಲೇ ಪರೀಕ್ಷೆ ರೂಪಿಸಿದರು. ಮುಂಬೈಯಲ್ಲಿ ಕನ್ನಡ, ಮರಾಠಿ ಎರಡೂ ಬಲ್ಲ ಸಂಶೋಧಕಿ ಎಂದರೆ ದೊಡ್ಡ ಆಸ್ತಿ.

ರೋಗಿ ನೋಡದೆ ಏನು ಉಪಯೋಗ ಅನ್ನಬೇಡಿ. ಬಿಪಿ, ಸಕ್ಕರೆ ಕಾಯಿಲೆ, ಕಿವಿ ಮಂದವಾಗುವುದು, ಕಣ್ಣು ಮಂಜಾಗುವುದು, ಹೀಗೆ 14 ಅಂಶಗಳನ್ನು ಸರಿಪಡಿಸಿದರೆ ಸುಮಾರು ಶೇ. 45ರಷ್ಟು ಡಿಮೆನ್ಷಿಯಾ ತಡೆಯಬಹುದು ಇಲ್ಲವೇ ಮುಂದೂಡಬಹುದು ಎಂದು 2024ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ ಹೇಳಿತು. ಇಂಥ ಮನೆಮನೆ ಅಧ್ಯಯನಗಳಿಲ್ಲದೆ ಅದು ಗೊತ್ತಾಗುತ್ತಲೇ ಇರಲಿಲ್ಲ. ಪಕ್ಕದ ಗೋವಾದಲ್ಲಿ, ತರಬೇತಿ ಕೊಟ್ಟ ಸ್ಥಳೀಯರೇ ಮನೆಗೆ ಹೋಗಿ ಧೈರ್ಯ, ಸಲಹೆ ಕೊಟ್ಟಾಗ ರೋಗಿಯನ್ನು ನೋಡಿಕೊಳ್ಳುವವರ ಮನಸ್ಸು ಹಗುರಾಯಿತು ಎಂದು 2008ರಲ್ಲೇ ತೋರಿಸಿದ್ದಾರೆ. ನನಗೆ ಇದು ಔಷಧಿಗಿಂತ ಕಡಿಮೆ ಅನ್ನಿಸುವುದಿಲ್ಲ.

ದುಡ್ಡು? ಒಳ್ಳೆ ಪ್ರಾಕ್ಟೀಸಿನಷ್ಟು ಬರುವುದಿಲ್ಲ, ಮೊದಮೊದಲು ಪ್ರಾಜೆಕ್ಟ್ ಮುಗಿದರೆ ಕೆಲಸವೂ ಮುಗಿಯಬಹುದು. ಅದಕ್ಕೆ ಎಂಡಿ ಕಮ್ಯುನಿಟಿ ಮೆಡಿಸಿನ್ (ಇಡೀ ಸಮುದಾಯದ ಆರೋಗ್ಯದ ಬಗೆಗಿನ ಸ್ನಾತಕೋತ್ತರ ಪದವಿ) ಮಾಡಿಕೊಳ್ಳಲಿ, ಮೆಡಿಕಲ್ ಕಾಲೇಜಿನಲ್ಲಿ ಪಾಠ ಹೇಳುವ ದಾರಿ ತೆರೆದಿರುತ್ತದೆ. ಸ್ಟಾಟಿಸ್ಟಿಕ್ಸ್ ಮಾತ್ರ ಈಗಿಂದಲೇ ಗಟ್ಟಿ ಮಾಡಿಕೊಳ್ಳಲಿ. ನೀವು ಸುಮ್ನೆ ತಡೆಯಬೇಡಿ.